ಬೋಸ್ಟನ್ ಫರ್ನ್ ಒಣಗಿದೆ ಅಂತ ಎಸೀಬೇಡಿ, ಮೊದ್ಲು ಬುಡ ನೋಡಿ

ಮೇಲಿನ ಮನೆ ಆಂಟಿ ಮನೆ ಖಾಲಿ ಮಾಡೋವಾಗ "ಬದುಕಿದ್ರೆ ನಿಂದು ಕಣಮ್ಮ" ಅಂತ ಈ ಫರ್ನ್ (ಗರಿಯಂಥ ಎಲೆಯ ಜರಿಗಿಡ) ಪಾಟ್ ಕೊಟ್ಟೋದ್ರು. ಬೆಂಗಳೂರಿನ ಏಪ್ರಿಲ್ ಒಣಹವೆ ಬೇರೆ, ಗರಿಗಳೆಲ್ಲಾ ಕಂದಾಗಿ ಮುಟ್ಟಿದ್ರೆ ಪುಡಿಪುಡಿ ಉದುರ್ತಿತ್ತು, ಅಲ್ಲಲ್ಲಿ ಅಂಟಂಟು, ಪಾಟ್ ಅಂಚಲ್ಲಿ ಇರುವೆ ಸಾಲು.

ಫರ್ನ್ ಜೀವ ಇರೋದು ಬುಡದ ಗೆಡ್ಡೆಯಂಥ ಕಾಂಡದಲ್ಲಿ, ಎಲೆಯಲ್ಲಲ್ಲ. ಬೆರಳಲ್ಲಿ ಒತ್ತಿ ನೋಡ್ದೆ, ಗಟ್ಟಿ ಇತ್ತು, ಕೊಳೆತ ವಾಸನೆ ಇಲ್ಲ, ಅಷ್ಟು ಸಾಕು. ಮೆತ್ತಗಾಗಿ ನೀರು ಬಿಡ್ತಿದ್ರೆ ಮಾತ್ರ ಕಷ್ಟ.

ಆಮೇಲೆ ಎಲೆ ಹಿಂಭಾಗ ನೋಡಿದ್ದು. ಇಲ್ಲಿ ತುಂಬಾ ಜನಕ್ಕೆ ಗೊಂದಲ ಆಗುತ್ತೆ, ಫರ್ನ್ ಎಲೆ ಕೆಳಗೆ ಕಂದು ಚುಕ್ಕೆ ಕಂಡ್ರೆ ಎಲ್ಲಾ ಹುಳ ಅಲ್ಲ. ಪುಟ್ಟ ಎಲೆಯ ನಡು ನರದ ಎರಡೂ ಕಡೆ, ಅಂಚಿಗೆ ಹತ್ತಿರವಾಗಿ, ಒಂದೇ ಅಳತೆ ಬಿಟ್ಟು ಸಾಲಾಗಿ ಕೂತಿದ್ರೆ ಅದು ಬೀಜಕಣ, ಫರ್ನ್ ಹೂ ಬಿಡಲ್ಲ, ಬೀಜದ ಬದ್ಲು ಅದಕ್ಕೆ ಇದೇ. ಅಡ್ಡಾದಿಡ್ಡಿಯಾಗಿ, ದಂಟಿನ ಮೇಲೂ ಅಂಟ್ಕೊಂಡಿದ್ದು ಉಗುರಲ್ಲಿ ಕೆರೆದ್ರೆ ಪುಟ್ಟ ಚಿಪ್ಪಿನ ಥರ ಎದ್ದು ಬಂದ್ರೆ ಸ್ಕೇಲ್, ಅಂದ್ರೆ ಶಲ್ಕ ಕೀಟ. ನನ್ ಪಾಟಲ್ಲಿ ದಂಟುಗಳ ತುಂಬಾ ಅದೇ ಇತ್ತು. ಅದು ರಸ ಹೀರಿ ಸಿಹಿ ಅಂಟು ಬಿಡುತ್ತೆ, ಇರುವೆ ಬರೋದು ಆ ಅಂಟಿಗೇ, ಬಂದು ಕೀಟನ ಕಾಯುತ್ತೆ ಬೇರೆ.

ಎಲ್ಲಾ ಗರಿ ಬುಡದಿಂದ ಒಂದೆರಡು ಇಂಚು ಬಿಟ್ಟು ಕತ್ತರಿಸ್ದೆ. ನೋಡೋಕೆ ಬೇಜಾರಾಗುತ್ತೆ ನಿಜ, ಆದ್ರೆ ಸ್ಕೇಲ್‌ನಲ್ಲಿ ಮುಕ್ಕಾಲು ಪಾಲು ಅದ್ರ ಜೊತೆನೇ ಹೋಯ್ತು. ಕತ್ತರಿಸಿದ್ದನ್ನ ಕಾಂಪೋಸ್ಟ್‌ಗೆ ಹಾಕ್ಬೇಡಿ, ಕವರಲ್ಲಿ ಕಟ್ಟಿ ಕಸಕ್ಕೆ ಕೊಡಿ. ಉಳಿದ ದಂಟಿನದನ್ನ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆದೆ.

ಬೇವಿನೆಣ್ಣೆ ವಿಷಯದಲ್ಲಿ ಹುಷಾರು. ಬೇರೆ ಗಿಡಕ್ಕೆ ಲೀಟರಿಗೆ 5 ಎಂಎಲ್ ಹಾಕಿದ್ರೆ ಫರ್ನ್‌ಗೆ ಅದರರ್ಧ ಸಾಕು, ಎಲೆ ತೀರಾ ತೆಳು, ಸುಟ್ಟೋಗುತ್ತೆ. ಎಣ್ಣೆಗೆ ನಾಕು ಹನಿ ಲಿಕ್ವಿಡ್ ಸೋಪ್ ಕಲಸಿ ಆಮೇಲೆ ಉಗುರುಬೆಚ್ಚಗಿನ ನೀರು, ಇಲ್ಲಾಂದ್ರೆ ಎಣ್ಣೆ ಮೇಲೇ ತೇಲುತ್ತೆ. ಮೊದ್ಲು ಒಂದೇ ಗರಿಗೆ ಹೊಡ್ದು ಎರಡು ದಿನ ಕಾದು ನೋಡಿ. ಸಂಜೆ ಹೊತ್ತು ಹೊಡೀಬೇಕು, ಬಿಸಿಲಲ್ಲಿ ಬೇಡವೇ ಬೇಡ. ವಾರಕ್ಕೊಂದ್ಸಲ ಬಿಡದೆ ಮಾಡಿ, ಯಾಕಂದ್ರೆ ಚಿಪ್ಪಿನಡಿ ಮೊಟ್ಟೆಗೆ ಎಣ್ಣೆ ತಾಗಲ್ಲ, ಮರಿ ಹೊರಗೆ ಹರಿದಾಡೋವಾಗ್ಲೇ ಸಿಗ್ಬೇಕು.

ಮಣ್ಣು ಬದಲಾಯಿಸ್ದೆ, ಚೆನ್ನಾಗಿ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎಲೆಗೊಬ್ಬರ, ಸ್ವಲ್ಪ ಮರಳು. ಕೊಕೊಪೀಟ್ ತೊಳೀದೆ ಹಾಕಿದ್ರೆ ಅದರ ಉಪ್ಪಿಗೆ ಎಲೆ ತುದಿ ಕರಟುತ್ತೆ, ಬೋರ್‌ವೆಲ್ ಗಡಸು ನೀರಿಂದ್ಲೂ ಅದೇ ಗತಿ. ನಾನು ಮಳೆನೀರು ಹಿಡಿದಿಟ್ಟು ಹಾಕ್ತೀನಿ. ಜಾಗ ಬಾತ್‌ರೂಮ್ ಕಿಟಕಿ ಪಕ್ಕ, ಬೆಳಕಿದೆ, ನೇರ ಬಿಸಿಲಿಲ್ಲ, ತೇವ ಇರುತ್ತೆ. ಒಣಹವೆ ಇದ್ರೆ ಜೇಡನುಸಿ, ಅಂದ್ರೆ ಎಲೆ ರಸ ಹೀರೋ ಪುಟಾಣಿ ನುಸಿ, ತಾನಾಗೇ ಬರುತ್ತೆ.

ಮುಂಗಾರು ಶುರುವಾಗೋ ಹೊತ್ತಿಗೆ ಬುಡದಿಂದ ಸುರುಳಿ ಸುತ್ಕೊಂಡ ಬೂದು ರೋಮದ ಚಿಗುರು ಎದ್ದಿತು, ಎಷ್ಟು ಖುಷಿ ಆಯ್ತು ಗೊತ್ತಾ! ಆ ಚಿಗುರಿಗೆ ಮಾತ್ರ ಎಣ್ಣೆ ಮುಟ್ಟಿಸ್ಲಿಲ್ಲ, ಗೊಬ್ಬರಾನೂ ಗರಿ ಪೂರ್ತಿ ಬಿಚ್ಕೊಂಡ ಮೇಲೇ ಕೊಟ್ಟಿದ್ದು. ದಾರದ ಥರ ಉದ್ದಕ್ಕೆ ಇಳಿಯೋ ಬಳ್ಳಿಗಳನ್ನ ಕತ್ತರಿಸ್ಬೇಡಿ, ಪಕ್ಕದ ಪಾಟ್ ಮಣ್ಣಿಗೆ ತಾಗಿಸಿಟ್ರೆ ಅಲ್ಲೇ ಬೇರು ಬಿಟ್ಟು ಹೊಸ ಗಿಡ ಆಗುತ್ತೆ.