ಪೌಡರ್ ಹೊಡೆಯುವ ಮುಂಚೆ ಲೋಹ ನೋಡಿ: ನನ್ನ ಅನುಭವ

ಬೆಂಗಳೂರಿನ ಪೀಣ್ಯದಲ್ಲಿ ಪೌಡರ್ ಕೋಟಿಂಗ್ (ಲೋಹಕ್ಕೆ ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಬೇಯಿಸುವುದು) ಮಾಡಿಸಲು ಬರುವವರು ಮೊದಲು ಕೇಳುವುದು ಶೇಡ್ ಮತ್ತು ರೇಟು. ನಾನು ಕೇಳುವುದು, ಮಾಲು ಯಾವುದು ಅಂತ. ಸಿ.ಆರ್. (ತಣ್ಣಗೆ ಲಟ್ಟಿಸಿದ ಉಕ್ಕಿನ) ತಗಡೋ, ಎಚ್.ಆರ್. (ಕಾಯಿಸಿ ಲಟ್ಟಿಸಿದ) ಪ್ಲೇಟೋ, ಜಿ.ಐ.ನೋ (ಸತು ಲೇಪಿಸಿದ್ದು), ಅಲ್ಯೂಮಿನಿಯಮ್ಮೋ? ಪೌಡರ್ ಒಂದೇ ಇರಬಹುದು, ಕೆಲಸ ನಾಲ್ಕು ಥರ.

ಸಿ.ಆರ್. ಸುಲಭದ್ದು. ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ ಎಣ್ಣೆ ಹೋದರೆ ಅರ್ಧ ಕೆಲಸ ಮುಗಿದಂತೆ. ಡಿಗ್ರೀಸಿಂಗ್ (ಎಣ್ಣೆ ತೆಗೆಯುವುದು) ಆಗಿ ನೀರಲ್ಲಿ ತೊಳೆದ ಮೇಲೆ ಜಾಬನ್ನು (ಬಣ್ಣಕ್ಕೆ ಬಂದ ಮಾಲನ್ನು) ಓರೆಯಾಗಿ ಹಿಡಿದು ನೋಡುತ್ತೇನೆ. ನೀರು ಒಂದೇ ಪದರವಾಗಿ ಜಾರಿದರೆ ಸರಿ. ಕೆಸುವಿನ ಎಲೆ ಮೇಲಿನ ಹನಿಯಂತೆ ಒಡೆದು ನಿಂತರೆ ಎಣ್ಣೆ ಇನ್ನೂ ಇದೆ, ವಾಪಸ್ ಟ್ಯಾಂಕಿಗೆ. ಇದಕ್ಕೆ ಯಾವ ಮೀಟರೂ ಬೇಡ.

ಎಚ್.ಆರ್. ಮೇಲಿನ ನೀಲಿಗಪ್ಪು ಸ್ಕೇಲ್ (ಆಕ್ಸೈಡ್ ಪದರ) ನೋಡಲು ಗಟ್ಟಿ. ಆದರೆ ಅದು ಚಕ್ಕೆಯಾಗಿ ಎದ್ದಾಗ ಬಣ್ಣವನ್ನೂ ಕರೆದುಕೊಂಡೇ ಹೋಗುತ್ತದೆ. ಶಾಟ್ ಬ್ಲಾಸ್ಟಿಂಗ್ (ಸಣ್ಣ ಗುಂಡು ರಭಸದಿಂದ ಹೊಡೆದು ಕೆರೆಯುವುದು) ಇಲ್ಲವೇ ಆಸಿಡ್ ಪಿಕ್ಲಿಂಗ್ (ಆಸಿಡ್‌ನಲ್ಲಿ ಅದ್ದಿ ತೆಗೆಯುವುದು) ಆಗಲೇಬೇಕು. ಜನ ಮರೆಯುವುದು ಲೇಸರ್ ಕಟ್ಟಿಂಗ್ ಅಂಚನ್ನು. ಆಕ್ಸಿಜನ್‌ನಲ್ಲಿ ಕತ್ತರಿಸಿದ ಎಂ.ಎಸ್. (ಮೈಲ್ಡ್ ಸ್ಟೀಲ್, ಮಾಮೂಲಿ ಉಕ್ಕು) ಅಂಚಿನಲ್ಲೂ ಆಕ್ಸೈಡ್ ಪದರ ಕೂತಿರುತ್ತದೆ. ಮುಖ ಪೂರ್ತಿ ಚೆನ್ನಾಗಿದ್ದು, ಅಂಚಲ್ಲಿ ಮಾತ್ರ ಬಣ್ಣ ಉಗುರಿಗೆ ಎದ್ದು ಬಂದರೆ ಸುಮ್ನೆ ಪೌಡರ್ ಬೈದು ಏನು ಪ್ರಯೋಜನ? ನಾನು ಅಂಚು ಉಜ್ಜಿಸುತ್ತೇನೆ, ಮುಂದಿನ ಸಲ ನೈಟ್ರೋಜನ್‌ನಲ್ಲಿ ಕಟ್ ಮಾಡಿಸಿ ಸಾರ್ ಅನ್ನುತ್ತೇನೆ. ರೇಟು ಜಾಸ್ತಿ ಅಂತ ಗೊಣಗುತ್ತಾರೆ. ಗೊಣಗಲಿ.

ಹಾಟ್ ಡಿಪ್ ಜಿ.ಐ., ಅಲ್ಯೂಮಿನಿಯಂ ಎರಕ, ಎರಡರಲ್ಲೂ ಗಾಳಿ ಅಡಗಿರುತ್ತದೆ. ಓವನ್‌ನಲ್ಲಿ ಪೌಡರ್ ಕರಗಿದ ಹೊತ್ತಿಗೇ ಅದು ಹೊರಗೆ ನುಗ್ಗಿ ಸೂಜಿಮೊನೆಯಷ್ಟು ತೂತು ಬಿಡುತ್ತದೆ. ಅದಕ್ಕೇ ಪೌಡರ್ ಹೊಡೆಯುವ ಮೊದಲು ಬರೀ ಜಾಬನ್ನು ಬಣ್ಣ ಬೇಯಿಸುವ ಕ್ಯೂರಿಂಗ್‌ಗಿಂತ ಸ್ವಲ್ಪ ಜಾಸ್ತಿ ಶಾಖದಲ್ಲಿ ಕಾಯಿಸಿಬಿಡುತ್ತೇನೆ. ಎರಕವೇ ಕಳಪೆಯಾಗಿದ್ದರೆ ಇದೂ ಪೂರ್ತಿ ಕೈಹಿಡಿಯುವುದಿಲ್ಲ, ಪಾರ್ಟಿಗೆ ಮೊದಲೇ ಹೇಳಿಬಿಡುವುದು ವಾಸಿ. ಇನ್ನೊಂದು, ಅಲ್ಯೂಮಿನಿಯಮನ್ನು ಕಬ್ಬಿಣದ ಜಾಬು ತೊಳೆಯುವ ಟ್ಯಾಂಕಿಗೆ ಇಳಿಸಬಾರದು. ಅದರಲ್ಲಿ ಕಾಸ್ಟಿಕ್ ಸೋಡಾ ಇದ್ದರೆ ಬುರುಬುರು ನೊರೆ ಎದ್ದು ಲೋಹವೇ ಕರಗುತ್ತದೆ.

ಪೌಡರ್ ಡೇಟಾಶೀಟ್‌ನಲ್ಲಿ 200 ಡಿಗ್ರಿ, 10 ನಿಮಿಷ ಅಂತ ಬರೆದಿದ್ದರೆ ಅದು ಲೋಹದ ಶಾಖ, ಓವನ್ ಗಾಳಿಯದ್ದಲ್ಲ. 1 ಮಿ.ಮೀ. ತಗಡು ಬೇಗ ಕಾಯುತ್ತದೆ, 10 ಮಿ.ಮೀ. ಪ್ಲೇಟು ನಿಧಾನ. ಎರಡನ್ನೂ ಒಂದೇ ಟ್ರಾಲಿಗೆ ಹಾಕಬೇಡ್ರಪ್ಪ ಅಂತ ಹುಡುಗರಿಗೆ ಹೇಳುತ್ತಲೇ ಇರುತ್ತೇನೆ. ಅನುಮಾನ ಬಂದರೆ ದಪ್ಪ ಜಾಬಿನ ಕಾಣದ ಮೂಲೆಯಲ್ಲಿ ಎಂ.ಇ.ಕೆ. ಅನ್ನುವ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜುತ್ತೇನೆ. ಬಣ್ಣ ಬಳಬಳ ಬಟ್ಟೆಗೆ ಹತ್ತಿತು ಅಂದರೆ ಇನ್ನೂ ಬೆಂದಿಲ್ಲ, ಮತ್ತೆ ಓವನ್‌ಗೆ.