ಕಡಲಾಚೆಯ ಹಾರಾಟಕ್ಕೆ ಹೊಸ ಹೆಲಿಕಾಪ್ಟರ್ ಮಾದರಿ: ಅನುಮತಿ ಪಡೆದ ನನ್ನ ಅನುಭವ

ಮಾದರಿಯ ವಿನ್ಯಾಸ ಸುರಕ್ಷಿತವೆಂದು ನಿಯಂತ್ರಕರು ಕೊಡುವ ಟೈಪ್ ಸರ್ಟಿಫಿಕೇಟ್ ಕೈಗೆ ಬಂದರೆ ಉಳಿದದ್ದೆಲ್ಲ ಕಾಗದದ ಕೆಲಸ ಎಂದು ನಂಬುವವರು ನಮ್ಮ ವೃತ್ತಿಯಲ್ಲಿ ಈಗಲೂ ಇದ್ದಾರೆ. ಎಡಬ್ಲ್ಯು189 ಎಂಬ ಹೆಲಿಕಾಪ್ಟರ್ ಮಾದರಿಯನ್ನು ಕಡಲಿನ ತೈಲ ವೇದಿಕೆಗಳ ಸಂಚಾರಕ್ಕೆ ಸೇರಿಸುವ ಹೊಣೆ ನನ್ನದಾದಾಗ, ಕೈಪಿಡಿಗಳನ್ನು ಕೊನೆಗಿಟ್ಟು, ಎಂಜಿನ್ನಿನ ಶಕ್ತಿಯನ್ನು ರೆಕ್ಕೆಗಳಿಗೆ ಸಾಗಿಸುವ ಗೇರ್‌ಬಾಕ್ಸ್, ವೇದಿಕೆಯ ಮೇಲಿನ ಇಳಿದಾಣವಾದ ಹೆಲಿಡೆಕ್ ಮತ್ತು ನೀರಿಗಿಳಿದ ಮೇಲಿನ ಪಾರುಗಾಣಿಕೆಯ ಸಾಕ್ಷ್ಯಗಳನ್ನು ಮೊದಲು ನಿಯಂತ್ರಕರ ಮುಂದಿಡೋಣ ಎಂದೆ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟು ಇಲ್ಲದ ತೊಡಕನ್ನು ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ಹಿರಿಯರು ಎಚ್ಚರಿಸಿದರು. ಅದೇ ಕಡತದ ಪ್ರತಿಯನ್ನು ಅವರೇ ಆಮೇಲೆ ಕೇಳಿ ಪಡೆದರೆಂಬುದನ್ನು ಹೇಳದೆ ಬಿಡಲಾರೆ.

ನನಗಿಂತ ಮೊದಲು ನೇಮಿಸಿದ್ದ ಸಲಹೆಗಾರರು ಹಳೆಯ ಮಾದರಿಯ ಕೈಪಿಡಿಯಲ್ಲಿ ಹೆಸರು ಬದಲಿಸಿ ಸಲ್ಲಿಸಿದ್ದರು. 2018ರ ಜುಲೈ 1ರಿಂದ ಅನ್ವಯವಾದ ಯುರೋಪಿನ ಕಡಲಾಚೆಯ ಹಾರಾಟದ ನಿಯಮಗಳು ಪ್ರತ್ಯೇಕ ಅನುಮೋದನೆಯನ್ನೇ ಕೇಳುವುದರಿಂದ ಅದು ಉಳಿಯುವಂತಿರಲಿಲ್ಲ. ಆ ಕಡತ ಎರಡನೆಯ ಸಲವೂ ಹಿಂದಿರುಗುವಷ್ಟರಲ್ಲಿ ಮೀಸಲಿಟ್ಟ ಹಣದ ಸುಮಾರು ಅರ್ಧ ಕರಗಿತ್ತು.

ಹೆಚ್ಚು ಕಾಲ ತಿಂದದ್ದು ಗೇರ್‌ಬಾಕ್ಸ್. ಅದರ ಜಾರುತೈಲ ಸೋರಿಹೋದ ಮೇಲೂ 30 ನಿಮಿಷ ಹಾರಬೇಕೆಂಬ ಷರತ್ತಿನಿಂದ, ಅಂಥ ಸೋರಿಕೆ ಅತಿ ವಿರಳವೆಂದು ತೋರಿಸಿ ಎಸ್-92 ಎಂಬ ಹೆಲಿಕಾಪ್ಟರ್ ಪಾರಾಗಿತ್ತು. 2009ರ ಮಾರ್ಚಿನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಅದೇ ಮಾದರಿಯ ತೈಲ ಫಿಲ್ಟರನ್ನು ಬಿಗಿದಿಡುವ ಸ್ಟಡ್‌ಗಳು ಮುರಿದು 17 ಮಂದಿ ಸತ್ತ ಮೇಲೆ ಆ ವಾದಕ್ಕೆ ಬೆಲೆ ಉಳಿಯಲಿಲ್ಲ. ನಮ್ಮ ಮಾದರಿ ತೈಲವಿಲ್ಲದೆ 50 ನಿಮಿಷ ತಾಳಿದೆ ಎಂಬುದನ್ನಷ್ಟೇ ಬರೆಯದೆ, ಪ್ರತಿಯೊಂದು ಮಾರ್ಗದಲ್ಲಿ ಆ ಅವಧಿ ಮುಗಿಯುವ ಜಾಗ ಯಾವುದು, ಅಲ್ಲಿ ಅಲೆಯ ಎತ್ತರ ಸಾಮಾನ್ಯವಾಗಿ ಎಷ್ಟು ಎಂಬುದನ್ನು ನಕ್ಷೆಯಲ್ಲಿ ಗುರುತಿಸಿದೆವು. 2016ರಲ್ಲಿ ನಾರ್ವೆಯ ತೂರೋಯ್ ಬಳಿ ಎಚ್225 ಹೆಲಿಕಾಪ್ಟರಿನ ಗೇರ್‌ಬಾಕ್ಸಿನೊಳಗಿನ ಪ್ಲಾನೆಟ್ ಗೇರ್ ಎಂಬ ಹಲ್ಲುಚಕ್ರ ಯಾವ ಮುನ್ಸೂಚನೆಯನ್ನೂ ಕೊಡದೆ ಒಡೆದು 13 ಮಂದಿ ಸತ್ತಿದ್ದರಿಂದ, ಕಂಪನ ನಿಗಾ ವ್ಯವಸ್ಥೆ ಯಾವ ದೋಷಗಳನ್ನು ಕಾಣಲಾರದು ಎಂಬ ಪಟ್ಟಿಯನ್ನೂ ನಾವೇ ಕೊಟ್ಟೆವು. ಪರಿಶೀಲಕರ ಧೋರಣೆ ಬದಲಾದದ್ದು ಆ ಪಟ್ಟಿಯಿಂದ. ಕಂಪನ ಎಷ್ಟಾದರೆ ಎಚ್ಚರಿಕೆ ಎಂಬ ಮಿತಿಗಳನ್ನು ದಡದ ಹಾರಾಟಗಳಲ್ಲೇ ಹೇಗೆ ಕಟ್ಟಿಕೊಂಡೆವೆಂಬ ಲೆಕ್ಕವನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ.

ಹೆಲಿಡೆಕ್‌ಗಳ ವಿಷಯದಲ್ಲಿ ವಾದಕ್ಕೆ ಎಡೆಯೇ ಇಲ್ಲ. ಎಸ್-76 ಎಂಬ ಚಿಕ್ಕ ಹೆಲಿಕಾಪ್ಟರಿಗೆಂದು 16 ಮೀಟರಿಗೆ ಕಟ್ಟಿದ ಡೆಕ್ಕಿನಲ್ಲಿ 17.60 ಮೀಟರ್ ಡಿ-ಮೌಲ್ಯದ (ತಿರುಗುವ ರೆಕ್ಕೆಗಳೂ ಸೇರಿದ ಒಟ್ಟು ಉದ್ದದ), 8 ಟನ್ ಮೀರಿದ ನಮ್ಮ ಯಂತ್ರ ಇಳಿಯುವಂತಿಲ್ಲ. ಅಂಥ ಡೆಕ್ಕುಗಳಿಗಾಗಿ ಹಳೆಯ ಮಾದರಿಯನ್ನೂ ಉಳಿಸಿಕೊಂಡದ್ದರಿಂದ ಬಿಡಿಭಾಗ ಮತ್ತು ತರಬೇತಿಯ ವೆಚ್ಚ ಅಂದಾಜಿನ ಒಂದೂವರೆ ಪಟ್ಟಾಯಿತು.

ಯಾರೂ ಕೇಳದ ಒಂದು ಪ್ರಯೋಗವನ್ನೂ ಮಾಡಿದೆವು. ಪ್ರಯಾಣಿಕರ ಮೈಗಾತ್ರಕ್ಕೆ ಹೊಂದುವ ಕಿಟಕಿಯ ಪಕ್ಕದ ಆಸನವನ್ನು ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ 2014ರ ಪರಿಶೀಲನೆಯಲ್ಲೇ ಒತ್ತಿ ಹೇಳಿತ್ತು. ರಕ್ಷಣಾ ಉಡುಪು ಹಾಗೂ ತುರ್ತು ಉಸಿರಾಟದ ಸಾಧನ ತೊಟ್ಟವರನ್ನು ಮಗುಚಿದ ಕ್ಯಾಬಿನ್ ಮಾದರಿಯಿಂದ ಕಣ್ಣು ಕಟ್ಟಿ ಹೊರಬರಲು ಬಿಟ್ಟಾಗ, ಮಧ್ಯದ ಆಸನದವರಿಗೆ ಹೆಚ್ಚುಕಡಿಮೆ ಇಮ್ಮಡಿ ಸಮಯ ಹಿಡಿಯಿತು; ದಪ್ಪ ಕೈಗವಸು ತೊಟ್ಟವರು ಕಿಟಕಿಯ ಹಿಡಿಯನ್ನೇ ತಡಕಾಡಿದರು. ಆಸನಗಳನ್ನು ಕಡಿಮೆ ಮಾಡಿದ್ದಕ್ಕೆ ಗ್ರಾಹಕರು ಮುನಿದರಾದರೂ ವೀಡಿಯೊ ನೋಡಿದ ಮೇಲೆ ಒಪ್ಪಿದರು.

ಮೊದಲ ಅನುಮತಿ ಹಗಲಿಗೆ ಮಾತ್ರ, ಅದೂ ನೀರಿಗಿಳಿದಾಗ ಯಂತ್ರವನ್ನು ತೇಲಿಸುವ ತೇಲುಚೀಲಗಳಿಗೆ ಪ್ರಮಾಣೀಕರಿಸಿದ ಅಲೆಮಟ್ಟ ಮೀರದಿದ್ದರೆ ಎಂಬ ಷರತ್ತಿನೊಂದಿಗೆ ಬಂತು. ಸುಮಾರು ಅರ್ಧ ವರ್ಷದ ಕಂಪನ ದಾಖಲೆಗಳನ್ನು ಒಪ್ಪಿಸಿದ ಮೇಲೆ ರಾತ್ರಿಯ ನಿರ್ಬಂಧ ತೆರವಾಯಿತು. ಅಲೆಯ ಮಿತಿ ಹಾಗೆಯೇ ಇದೆ, ಅದನ್ನು ಸಡಿಲಿಸಲು ನಾವು ಅರ್ಜಿ ಹಾಕಿಲ್ಲ.