ಸಾವಿನ ಮಾರನೇ ದಿನ ನಾನೇ ಫೋನ್ ಮಾಡುತ್ತೇನೆ

ನಾನು ಪ್ರಾಣಿಗಳ ಡಾಕ್ಟರ್. ನಮ್ಮ ಕೈಯಲ್ಲಿ ಪ್ರಾಣಿ ಸತ್ತರೆ ಮಾಲೀಕರಿಗೆ ಏನು ಹೇಳಬೇಕು ಅಂದರೆ, "ಸಾರಿ ಅಂದ್ರೆ ತಪ್ಪು ಒಪ್ಪಿಕೊಂಡ ಹಾಗೆ, ಬಾಯಿ ಮುಚ್ಚಿಕೊಂಡಿರು" ಎಂದು ನನಗೆ ಹೇಳದ ಸೀನಿಯರ್ ಡಾಕ್ಟರ್ ಇಲ್ಲ. ಕ್ಲಿನಿಕ್‌ನ ಪಾರ್ಟ್‌ನರ್ ಅಂತೂ, ನಾನು ಮಾಲೀಕರ ಹತ್ತಿರ ಬಾಯಿಬಿಟ್ಟು ಮಾತಾಡಲು ಶುರು ಮಾಡಿದಾಗ, ಮತ್ತೆ ಕೋರ್ಟು ಕಚೇರಿ ಅಲೆಯುವುದು ಖಾತ್ರಿ ಎಂದು ಬಾಜಿ ಕಟ್ಟಿದ್ದ. ನಾಲ್ಕು ವರ್ಷ ಆಯಿತು. ಅಲೆದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

"ಮತ್ತೆ" ಅಂದೆನಲ್ಲ, ಮೊದಲನೆಯದು ಹೀಗಾಯಿತು. ಹೊಟ್ಟೆ ಉಬ್ಬಿ ತಿರುಚಿಕೊಂಡಿದ್ದ ದೊಡ್ಡ ನಾಯಿ. ಆಪರೇಷನ್ ಚೆನ್ನಾಗಿಯೇ ಆಯಿತು. ಎರಡನೇ ದಿನ ಹೃದಯದ ಬಡಿತ ಹಳಿ ತಪ್ಪಿ ಹೋಗಿಬಿಟ್ಟಿತು. ಎರಡು ಮೂರು ದಿನ ಆ ಭಯ ಇದ್ದೇ ಇರುತ್ತದೆ, ನಮಗೆಲ್ಲ ಗೊತ್ತು. ಮಾಲೀಕರಿಗೆ ಗೊತ್ತಿರಲಿಲ್ಲ. ನಾನು "ಆಪರೇಷನ್ ಸಕ್ಸಸ್" ಎಂದಷ್ಟೇ ಹೇಳಿ ಬೀಗಿದ್ದೆ. ಸಾಲದ್ದಕ್ಕೆ ಕೌಂಟರಿನ ಹುಡುಗ ಹೆಣದ ಜೊತೆಗೇ ಬಿಲ್ಲನ್ನೂ ಕೈಗಿಟ್ಟ. ಮುಂದಿನ ವಾರ ವಕೀಲರ ನೋಟಿಸ್. ಹೆದರಿ ಇಡೀ ಬಿಲ್ ಬಿಟ್ಟುಬಿಟ್ಟೆ. "ತಪ್ಪಿಲ್ಲದಿದ್ದರೆ ಯಾಕೆ ಬಿಟ್ಟಿರಿ?" ಎಂದು ಅದನ್ನೇ ಹಿಡಿದುಕೊಂಡರು! ನನ್ನ ವಕೀಲರಿಗೆ ಆ ಬಿಲ್ಲಿನ ಮೂರರಷ್ಟು ಹೋಯಿತು. ಎಂಟು ತಿಂಗಳು ನಿದ್ದೆಯೂ ಹೋಯಿತು.

ಈಗ ಸತ್ತ ದಿನ ದುಡ್ಡಿನ ಮಾತೇ ಇಲ್ಲ. ಬಿಲ್ ಹತ್ತು ದಿನದ ಮೇಲೆ. ಬಿಟ್ಟುಕೊಡುವುದೂ ಇಲ್ಲ, ಕಂತು ಬೇಕಾದರೆ ಕೊಡುತ್ತೇನೆ. ನಂಬಿ, ಮೊದಲಿಗಿಂತ ಜಾಸ್ತಿ ವಸೂಲಾಗುತ್ತಿದೆ. ಸಂಕಟವಾಯಿತು ಎಂದು ಬಾಯಿಬಿಟ್ಟು ಹೇಳುತ್ತೇನೆ. ಕಾರಣ ಮಾತ್ರ ಊಹೆ ಮಾಡಿ ಹೇಳುವುದಿಲ್ಲ. ಪೋಸ್ಟ್ ಮಾರ್ಟಮ್ ಮಾಡಿಸುತ್ತೀರಾ ಎಂದು ಆಗಲೇ ಕೇಳುತ್ತೇನೆ. ಕೊಯ್ಯುವುದು ನಾನಲ್ಲ, ಬೇರೆ ಡಾಕ್ಟರ್. ನಾನೇ ಕೊಯ್ದು ನಾನೇ ವರದಿ ಬರೆದರೆ ಯಾರು ನಂಬುತ್ತಾರೆ, ಅಲ್ವಾ?

ಇಲ್ಲೂ ಒಮ್ಮೆ ಕೈ ಸುಟ್ಟುಕೊಂಡೆ. ರಾತ್ರಿ ಪಾಳಿಯವನು ಒಳ್ಳೆಯದಾಗಲಿ ಎಂದೇ ಹೆಣವನ್ನು ಫ್ರೀಜರ್‌ಗೆ ಹಾಕಿದ್ದ. ಮಂಜುಗಟ್ಟಿ ಜೀವಕೋಶಗಳೆಲ್ಲ ಒಡೆದು, ಲ್ಯಾಬಿನವರು ಏನೂ ಹೇಳಲಾಗದು ಎಂದು ಬರೆದರು. ಈಗ ಫ್ರೀಜರ್ ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ: ಹೆಣ ಫ್ರಿಜ್‌ನಲ್ಲಿ, 4 ಡಿಗ್ರಿ.

ಮಾರನೇ ದಿನ ಅವರ ಫೋನಿಗೆ ಕಾಯುವುದಿಲ್ಲ, ನಾನೇ ಮಾಡುತ್ತೇನೆ. ಆಮೇಲೆ ಕರೆದು ಕೂರಿಸಿಕೊಂಡು ಕೇಸ್ ಶೀಟನ್ನು ಸಾಲು ಸಾಲಾಗಿ ಓದುತ್ತೇನೆ. ಬರೆಯಲು ಮರೆತದ್ದಿದ್ದರೆ ಕೊನೆಯಲ್ಲಿ ಹೊಸ ಸಾಲು, ಅಂದಿನ ತಾರೀಖು, ಗಂಟೆ ಹಾಕಿ. ಹಳೆಯ ಸಾಲನ್ನು ತಿದ್ದಿದಿರೋ, ಕೆಟ್ಟಿರಿ. ಭೇಟಿ ಮುಗಿಯುವಾಗ ಒಂದು ಪ್ರಶ್ನೆ ಕೇಳುತ್ತೇನೆ, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಅದು ಏನೆಂದು ಇಲ್ಲಿ ಹೇಳುವುದಿಲ್ಲ, ಕ್ಷಮಿಸಿ.

ಹಲ್ಲು ಕ್ಲೀನ್ ಮಾಡುವಾಗ ಅರಿವಳಿಕೆಯಲ್ಲೇ ಒಂದು ಬೆಕ್ಕು ಹೋಯಿತು. ಆರು ವರ್ಷದ್ದು. ಎದೆಗೆ ಸ್ಟೆತ್ ಇಟ್ಟಾಗ ಸದ್ದಿನಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಮಾಲೀಕರು ಕ್ಲಿನಿಕ್ ಕಿತ್ತುಹೋಗುವಂತೆ ಕೂಗಿದರು. ಪೋಸ್ಟ್ ಮಾರ್ಟಮ್‌ನಲ್ಲಿ ಹೃದಯದ ಎಡಗೋಡೆ ದಪ್ಪವಾಗಿತ್ತು. ಈ ಕಾಯಿಲೆ ಸ್ಟೆತ್‌ಗೆ ಸಿಗದೆಯೂ ಇರಬಹುದು. ಸುಮಾರು ಎರಡು ಗಂಟೆ ಕೂತರು. ಏಳುವಾಗ, "ಇದರ ತಂಗಿ ಮನೆಯಲ್ಲಿದೆ, ಅದಕ್ಕೂ ಹೃದಯದ ಸ್ಕ್ಯಾನ್ ಮಾಡಿಸೋಣವಾ?" ಎಂದರು. ಪಾರ್ಟ್‌ನರ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.

ನಡುವೆ ಮಣ್ಣಿನಲ್ಲಿ ಪಾದದ ಅಚ್ಚು ತೆಗೆದು ಕಳಿಸಿ ನೋಡಿದೆ. ಕೆಲವರು ಅತ್ತರು, ಒಬ್ಬರು ಚೂರು ಮಾಡಿ ವಾಪಸ್ ಕಳಿಸಿದರು. ಈಗ ಕೇಳದೆ ಕೊಡುವುದಿಲ್ಲ. ಇನ್ನೊಂದು ಎಡವಟ್ಟು, ಸತ್ತು ಮೂರು ವಾರವಾದ ನಾಯಿಗೆ ನಮ್ಮ ಕಂಪ್ಯೂಟರ್ "ಲಸಿಕೆ ಬಾಕಿ ಇದೆ" ಎಂದು ಮೆಸೇಜ್ ಕಳಿಸಿತ್ತು. ಅದೊಂದೇ ಹೊಸ ದೂರಾಯಿತು. ಈಗ ಸಾವಿನ ದಿನವೇ ಆ ಪಟ್ಟಿಯಿಂದ ಹೆಸರು ತೆಗೆಯುವುದು ನನ್ನ ಕೆಲಸ, ಬೇರೆಯವರಿಗೆ ಬಿಡುವುದಿಲ್ಲ.

ನಿಜವಾಗಿಯೂ ನಮ್ಮದೇ ತಪ್ಪಾದದ್ದು ಒಂದು. ಡ್ರಿಪ್ ವೇಗ ಜಾಸ್ತಿ ಇಟ್ಟಿದ್ದೆವು. ಮೊದಲು ವಿಮೆಯವರಿಗೆ ತಿಳಿಸಿ, ಆಮೇಲೆ ಮಾಲೀಕರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ದುಡ್ಡು ತೆಗೆದುಕೊಂಡರು, ನೋಟಿಸ್ ಕಳಿಸಲಿಲ್ಲ. ಮತ್ತೆ ನಮ್ಮಲ್ಲಿಗೆ ಬರಲೂ ಇಲ್ಲ.